ಮೌನ, ನಾಲ್ಕು ಸೆಕೆಂಡು

ಡುಲೂತಿನಲ್ಲಿ ಜನವರಿ. ಸರೋವರದ ಅಂಚು ಕಟಕಟ ಬಿಗಿಯುತ್ತಿದೆ.
ಲ್ಯಾಬಿನ ನೆಲಮಾಳಿಗೆಯಲ್ಲಿ ಸಿಗ್ರಿಡ್
ಹೆಡ್‌ಫೋನ್ ಸಿಕ್ಕಿಸಿಕೊಂಡು
ಯಾರದೋ ದುಃಖವನ್ನು ಟೈಪು ಮಾಡುತ್ತಾಳೆ.
ಹೆಸರಿಲ್ಲ, ನಂಬರು ಮಾತ್ರ: ಮೂವತ್ತೊಂದು.
ಅವನು ಮಾತು ನಿಲ್ಲಿಸಿದಲ್ಲೆಲ್ಲ ಬರೆಯಬೇಕು:
ಮೌನ, ನಾಲ್ಕು ಸೆಕೆಂಡು.
ಮೌನ, ಒಂಬತ್ತು.

ಕ್ಲಿನಿಕಲ್ ಸೈಕಾಲಜಿ ಪಿಎಚ್‌ಡಿಗೆ ಹದಿಮೂರು ಅರ್ಜಿ.
ಶುಲ್ಕ ಕಟ್ಟಿದ ಮೇಲೆ
ಚಳಿಗಾಲದ ಟೈರು ಮುಂದಿನ ವರ್ಷಕ್ಕೆ ಹೋಯಿತು.
ಈ ವೃತ್ತಿಯೇ ಏಕೆ? ಹದಿಮೂರೂ ಕೇಳಿದ್ದವು.
ತಮ್ಮ ಆಂಡರ್ಸನನ್ನು ಒಂದು ಪ್ಯಾರಾ ಬರೆದಳು,
ಒಂದು ಸಾಲಿಗಿಳಿಸಿದಳು,
ಅಳಿಸಿದಳು.
ಸಂಶೋಧನಾನುಭವ, ಎರಡು ವರ್ಷ ಏಳು ತಿಂಗಳು: ಅದು ಉಳಿಯಿತು.

ಫೋನು ನಡುಗುತ್ತದೆ. ಹಲ್ಲಿನ ಡಾಕ್ಟರ ಕಡೆಯವರು.
ಮತ್ತೆ ನಡುಗುತ್ತದೆ. ಜೊತೆಗೇ ಅರ್ಜಿ ಹಾಕಿದ ಫರೀಬಾ:
"ಸಂದರ್ಶನಕ್ಕೆ ಕರೆದರು ಕಣೇ! ನಿನ್ನನ್ನ?"
ಮೂರು ಹೂವಿನ ಚಿತ್ರ ಕಳಿಸಿ
ಮತ್ತೆ ಹೆಡ್‌ಫೋನು. ಕಿವಿ ಬಿಸಿ. ಹೊಟ್ಟೆಕಿಚ್ಚೇ, ಇನ್ನೇನು.

ಮೂವತ್ತೊಂದು ಹೇಳುತ್ತಿದ್ದಾನೆ:
"ಕಾಯೋದು ಕಷ್ಟ ಅಲ್ಲ. ಯಾರಾದರೂ ಕೇಳಿದರೆ
ಕಾಯ್ತಾ ಇಲ್ಲ ಅನ್ನಬೇಕಲ್ಲ, ಅದು."

ಬೆರಳು ಕೀಬೋರ್ಡಿನ ಮೇಲೇ ನಿಂತಿದೆ.
ಅವನ ಮೌನ ಮುಗಿದು ಎಷ್ಟೋ ಹೊತ್ತಾಯಿತು;
ಹಿಂದಕ್ಕೆ ತಿರುಗಿಸಿ
ಮೊದಲಿಂದ ಎಣಿಸಬೇಕು.