ಮಂಗಳವಾರ ಯಾರೂ ಬರಲಿಲ್ಲ

ಮಂಗಳವಾರ ಬೆಳಿಗ್ಗೆ ಯಾರೂ ಬರಲಿಲ್ಲ.
ಬಾರದವರು ಇಬ್ಬರು.
ಬಾಗಿಲ ಚಾಪೆಗೆ ಬೂಟಿನ ಹಿಮ ಒರೆಸಿಕೊಳ್ಳಲಿಲ್ಲ,
ಚಹಾ ಬೇಡವೆನ್ನಲಿಲ್ಲ, ಆಮೇಲೆ ಕುಡಿಯಲೂ ಇಲ್ಲ,
ಎರಡು ಚಮಚ ಸಕ್ಕರೆ ಹಾಕಿಕೊಂಡು.

ಹಿರಿಯವನು ಕೋಟಿನ ಒಳಜೇಬಿನಿಂದ
ಕಾಗದವೊಂದನ್ನು ತೆಗೆಯಲಿಲ್ಲ.
ಅದರ ಮೇಲೆ ನನ್ನ ಹೆಸರಿರಲಿಲ್ಲ: ದ್ರಾಹೊಮಿರಾ ವಾಶೀಚ್ಕೊವಾ,
ಓಸ್ಟ್ರಾವಾ, ಬೇಕರಿಯ ಕೆಳಗಿನ ನೆಲಮಾಳಿಗೆ.
ಕೀಲಿ ಕೊಡಿ ಎಂದಿರಲಿಲ್ಲ,
ಒಂದರದಲ್ಲ, ಹತ್ತು ಸಾವಿರದ ನಾನೂರ ಹನ್ನೆರಡು
ಅಂಚೆಪೆಟ್ಟಿಗೆಗಳದ್ದು, ಮುಂದೆ ಬರುವವರದ್ದೂ.
ಕೊನೆಗೆ, ದಪ್ಪ ಅಕ್ಷರದಲ್ಲಿ,
ಈ ಕಾಗದ ಬಂತೆಂದು ಬಾಯಿಬಿಟ್ಟರೆ ಐದು ವರ್ಷ
ಎಂದೂ ಇರಲಿಲ್ಲ.

ಆದ್ದರಿಂದ ನಾನು ಏನೂ ಹೇಳುತ್ತಿಲ್ಲ.
ನೀವೂ ಏನೂ ಓದುತ್ತಿಲ್ಲ.

ಕಿರಿಯವನು ಮಾತುಗಾರ, ಬಂದಿದ್ದರೆ.
"ಮುಚ್ಚಿಡುವಂಥದ್ದು ಇಲ್ಲದವರಿಗೆ ಯಾಕಮ್ಮಾ ಭಯ?
ಕುಂಬಳಕಾಯಿ ಕಳ್ಳ ಎಂದರೆ
ಊರಿಗೆ ಊರೇ ಹೆಗಲು ಮುಟ್ಟಿಕೊಳ್ಳುವುದೇ?"
ನಾನು ಹಿರಿಯವನ ಒಳಜೇಬು ನೋಡಿದೆ.
ನೋಡಲಿಲ್ಲ, ಅಂದೆ.
ದರ್ಜಿ ಅದನ್ನು ಒಳಗಡೆ ಯಾಕೆ ಹೊಲಿದ
ಎಂದು ಕೇಳಲೂ ಇಲ್ಲ.

"ಹೊಸ ಕಾನೂನು ಬರಲಿ,
ನಿಮ್ಮಲ್ಲಿಗೆ ಬರುವ ಕೆಲಸವೇ ಇರುವುದಿಲ್ಲ.
ಲಕೋಟೆ ಒಡೆಯುವುದು ಹಳೇ ಕಾಲದ ಕೊಳಕು ಕಸುಬು.
ಬರೆಯುವಾಗಲೇ ಹೆಗಲ ಮೇಲಿಂದ ಇಣುಕುತ್ತೇವೆ,
ಆಮೇಲೆ ಎಷ್ಟು ಗಟ್ಟಿಯಾಗಿ ಬೇಕಾದರೂ ಅಂಟಿಸಿಕೊಳ್ಳಿ."
ಇದನ್ನು ಅವನು ಸಮಾಧಾನಕ್ಕೆಂದು ಹೇಳಲಿಲ್ಲ.

ಮುತ್ತಜ್ಜ ಅಲೋಯಿಸ್ ಇದೇ ಊರಿನ ಕಲ್ಲಿದ್ದಲ ಗಣಿಗೆ
ಪಂಜರದಲ್ಲೊಂದು ಹಳದಿ ಹಕ್ಕಿ ಒಯ್ಯುತ್ತಿದ್ದನಂತೆ.
ಹೆಸರಿಡುತ್ತಿರಲಿಲ್ಲ;
ಹೆಸರಿಟ್ಟದ್ದನ್ನು ಕೆಳಗಿಳಿಸಲು ಕೈ ಬಾರದು.
ವಿಷಗಾಳಿ ಬಂತೆಂದು ಹಕ್ಕಿ ಹೇಳುವುದಿಲ್ಲ.
ಹಾಡು ನಿಲ್ಲಿಸುತ್ತದೆ, ಅಷ್ಟೆ.
ಕಿವಿಯಿದ್ದವರು ಮೇಲಕ್ಕೆ ಓಡುತ್ತಾರೆ.
ಗಣಿ ಮುಚ್ಚಿ ಎಷ್ಟೋ ವರ್ಷ. ಬೂದಿಗುಡ್ಡದ ಒಡಲು ಮಾತ್ರ
ಇನ್ನೂ ಬೆಚ್ಚಗೆ, ಅದರ ಮೇಲೆ ಹಿಮ ನಿಲ್ಲುವುದಿಲ್ಲ.

ನನ್ನದೂ ಒಂದು ಸಾಲಿತ್ತು.
ಒಂಬತ್ತು ವರ್ಷ, ತಿಂಗಳ ಒಂದನೇ ತಾರೀಖು,
ನಮ್ಮ ಪುಟದ ಅಡಿಯಲ್ಲಿ ನಾನೇ ಟೈಪು ಮಾಡುತ್ತಿದ್ದೆ:
ಇಂದಿನವರೆಗೆ ಯಾರೂ ಬಂದು ಕೇಳಿಲ್ಲ.
ಯಂತ್ರಕ್ಕೆ ಒಪ್ಪಿಸಿರಲಿಲ್ಲ. ಜ್ವರದ ತಿಂಗಳೂ,
ಅಮ್ಮನ ಮಣ್ಣು ಮುಗಿಸಿ ಬಂದ ಸಂಜೆಯೂ,
ಕಪ್ಪು ಕೈಗವಸು ಕಳಚಿ ಪಕ್ಕಕ್ಕಿಟ್ಟು.

ಕವಿತೆಯಲ್ಲಿ ಎಷ್ಟು ಸುಳ್ಳು ಬೇಕಾದರೂ ಹೇಳುತ್ತೇನೆ,
ಈಗ ಹೇಳುತ್ತಿಲ್ಲವೇ.
ಆ ಪುಟದಲ್ಲಿ ಆಗದು.

ಪೆಟ್ಟಿಗೆಗಳ ಒಳಗೆ ಏನಿದೆ, ನನಗೆ ಗೊತ್ತಿಲ್ಲ. ಇದು ನಿಜ.
ಗೊತ್ತಾಗದ ಹಾಗೆ ಕಟ್ಟುವುದರಲ್ಲೇ ಕಣ್ಣು ಸವೆದವು.
ಹೊರಗಿನ ತೂಕ, ಬಂದ ಗಳಿಗೆ, ಇಷ್ಟು ಕಾಣುತ್ತದೆ,
ಇಷ್ಟು ಕಂಡದ್ದಕ್ಕೇ ಕೆಲವು ಸಲ ಮುಖ ತಿರುಗಿಸಿದ್ದೇನೆ.
ಒಂದು ಪೆಟ್ಟಿಗೆಗೆ ದಿನಾ ರಾತ್ರಿ ಹನ್ನೊಂದೂ ಹತ್ತಕ್ಕೆ
ಒಂದು ಪತ್ರ ಬೀಳುತ್ತದೆ. ಆರು ವರ್ಷದಿಂದ.
ಅದನ್ನು ಯಾರೂ ತೆರೆದಿಲ್ಲ.
ತೆರೆಯಬೇಕಾದವರು ಇನ್ನಿಲ್ಲವೇನೋ,
ಕೀಲಿಯೂ ಅವರ ಜೊತೆ ಹೋಯಿತೇನೋ.
ಬರೆಯುವ ಕೈ ನಿಂತಿಲ್ಲ.

ಶುಕ್ರವಾರ ಒಂದನೇ ತಾರೀಖು.
ಕೂತೆ. ಎದ್ದೆ. ಎರಡು ಕಪ್ಪು ತೊಳೆದೆ.
ಪುಟದ ಅಡಿ ಬಿಳಿಯಾಗಿಯೇ ಉಳಿಯಿತು.

ಬೆಳಕು ಹರಿಯುವ ಮೊದಲೇ ಯಾರೋ ಓದಿದರು,
ಇಲ್ಲದ ಆ ಸಾಲನ್ನು.
ಒಂದು ಪೆಟ್ಟಿಗೆ ಖಾಲಿಯಾಯಿತು. ಮತ್ತೆ ನಾಲ್ಕು.
ಮಧ್ಯಾಹ್ನಕ್ಕೆ ಲೆಕ್ಕ ಬಿಟ್ಟೆ.
ಯಾರೂ ಯಾಕೆಂದು ಕೇಳಲಿಲ್ಲ; ಒಬ್ಬರು ಮಾತ್ರ
ಬಾಕಿಯಿದ್ದ ಮೂರು ತಿಂಗಳ ಹಣ ಕಟ್ಟಿ ಹೋದರು.

ರಾತ್ರಿ ಹನ್ನೊಂದೂ ಹತ್ತರವರೆಗೆ ಕಾದೆ.
ಪತ್ರ ಬಂತು.
ಆಮೇಲೆ ಗೋಡೆಯ ಪ್ಲಗ್ಗು ನಾನು ಕೀಳಲಿಲ್ಲ,
ಫ್ಯಾನುಗಳು ಒಂದೊಂದಾಗಿ ನಿಲ್ಲಲಿಲ್ಲ,
ಬೇಕರಿಯ ಇಲಿಯೊಂದು ಗೋಡೆಯೊಳಗೆ ಓಡುವ ಸದ್ದು
ಒಂಬತ್ತು ವರ್ಷದಲ್ಲಿ ಮೊದಲ ಸಲ
ನನಗೆ ಕೇಳಿಸಲಿಲ್ಲ.