ಒಂಬತ್ತನೆಯ ಕಂತು

ನವೆಂಬರಿನ ಮೊದಲ ಶನಿವಾರ, ಬ್ಯಾರೋ ಊರಿನ
ಹಡಗುಕಟ್ಟೆಯ ಹಿಂದಿನ ಪಬ್ಬಿನ ಮಾಳಿಗೆಯಲ್ಲಿ
ನಾವು ಹನ್ನೊಂದು ಜನ. ಹೋದ ವರ್ಷ ಹದಿಮೂರು.
ಲೆಕ್ಕ ಯಾರೂ ಹೇಳುವುದಿಲ್ಲ, ಕುರ್ಚಿಗಳೇ ಹೇಳುತ್ತವೆ.

ಕ್ಲೆಮ್ ಎಂದಿನಂತೆ ರಟ್ಟಿನ ಪೆಟ್ಟಿಗೆಯಿಂದ
ಎತ್ತಿ ಮೇಜಿನ ಮೇಲಿಡುತ್ತಾನೆ
'ಕೊನೆಯ ಲಂಗರು', ನಮ್ಮ ವ್ಯೋಮನೌಕೆ:
ಹೊಟ್ಟೆ ಸೋಪಿನ ಬಾಟಲಿ, ಮೂತಿ ಬಲ್ಬಿನ ಹೋಲ್ಡರು,
ರೆಕ್ಕೆಗೆ ಮೊಟ್ಟೆಯ ಟ್ರೇ.
ಟೀವಿಯಲ್ಲಿ ಬಂದದ್ದೂ ಇದಕ್ಕಿಂತ ಬೇರೆಯಿರಲಿಲ್ಲ ಅನ್ನಿ.
ದಾರ ಕಾಣುತ್ತಿತ್ತು. ಕಂಡರೂ ಕಾಣದ ಹಾಗೆ
ಕಣ್ಣಿಗೆ ಕಲಿಸಿದ್ದೆವು.

ನಾಯಕಿ ಬಾಗಿಲು ಹಾಕಿದರೆ ಗೋಡೆ ಅಲುಗುತ್ತಿತ್ತು.
ಯಾವ ಲೋಕದಲ್ಲಿಳಿದರೂ ಅದೇ ಬಂಡೆ,
ಕಾಲು ತಾಗಿದರೆ ಹಾರುತ್ತಿತ್ತು.
ಅನ್ಯಲೋಕದ ದೊರೆ ಒಮ್ಮೆ ಮುಖವಾಡದೊಳಗೇ ಸೀನಿದ;
ಹಾಗೇ ಬಿಟ್ಟುಬಿಟ್ಟರು, ಮತ್ತೆ ತೆಗೆಯಲು ಕಾಸಿರಲಿಲ್ಲ.
ಆಮೇಲೊಂದು ತಿಂಗಳು ಶಾಲೆಯಂಗಳದಲ್ಲಿ
ಅವನ ಕುಲದವರೆಲ್ಲ ಸೀನಿಯೇ ಯುದ್ಧ ಸಾರಿದರು.

ಈಗ ಹೊಸತು ಬಂದಿದೆ.
ನೌಕೆ ಊರಿನಷ್ಟು. ಬಂಡೆ ಬಂಡೆಯಂತೆಯೇ ಇದೆ.
ಯಾರೂ ಸೀನುವುದಿಲ್ಲ.
"ಎಲ್ಲ ಇದೆ, ಉಪ್ಪೊಂದು ಬಿಟ್ಟು" ಅಂದ ಡೆಸ್ಮಂಡ್.
ಡಾಕ್ಟರು ಬಿಡಿಸಿದಂದಿನಿಂದ ಅವನಿಗೆ
ಎಲ್ಲದರಲ್ಲೂ ಉಪ್ಪು ಕಡಿಮೆಯೇ.

ಪ್ರೂಡೆನ್ಸಳ ಮೊಮ್ಮಗಳು ಕೆಝಾಯ, ಹದಿನಾರರವಳು,
ಎರಡನ್ನೂ ನೋಡಿದವಳು, ಕೇಳಿದಳು:
"ನಿಮ್ಮದರಲ್ಲಿ ಯಾಕೆ ಎಲ್ಲರೂ ಅಷ್ಟು ನಿಧಾನ ನಡೆಯುತ್ತಾರೆ?"
"ಓಡಿದರೆ ಸೆಟ್ಟು ಮುಗಿದುಹೋಗುತ್ತಿತ್ತು ಮಗಳೇ."

ಒಂಬತ್ತನೆಯ ಕಂತು ಮಾತ್ರ ಯಾರ ಬಳಿಯೂ ಇಲ್ಲ.
ಟೇಪು ತುಟ್ಟಿಯಾಗಿದ್ದ ಕಾಲ. ಅಳಿಸಿ, ಅದರ ಮೇಲೆ
ಯಾವುದೋ ಕುದುರೆ ರೇಸು ತುಂಬಿದರು.
ಒಂದು ಗ್ರಹ ಸಾಯುವ ಕಂತು ಅದು.
ಅದರ ಮೈಮೇಲೆ ಕುದುರೆಗಳು ಓಡಿದವು.

ಉಳಿದದ್ದು ಸದ್ದು. ಅದೂ ಎನಿಡಳ ದಯೆ.
ಎಪ್ಪತ್ತೊಂದರ ಚಳಿಗಾಲ, ಹತ್ತು ವರ್ಷದ ಹುಡುಗಿ
ಟೀವಿಯ ಎದೆಗೆ ಮೈಕು ಹಿಡಿದು ಮಂಡಿಯೂರಿ
ಯಾರೂ ಉಸಿರೆತ್ತಕೂಡದೆಂದು
ಮನೆಗೆಲ್ಲ ಅಪ್ಪಣೆ ಕೊಟ್ಟಿದ್ದಾಳೆ.
ಅಪ್ಪ ಕೆಮ್ಮು ನುಂಗಿದ. ನಾಯಿ ಕೂಡ ಬೊಗಳಲಿಲ್ಲ.
ಸರಿಯಾಗಿ ಗ್ರಹ ಸಿಡಿಯುವ ಹೊತ್ತಿಗೆ
ಅಡುಗೆಮನೆಯಲ್ಲಿ ಅಮ್ಮನ ಕೆಟಲು ಕೂಗಿತು.

ಮೂರು ದಿನ ಅಮ್ಮನ ಜೊತೆ ಮಾತು ಬಿಟ್ಟಳಂತೆ.

ಅದೇ ಟೇಪು, ಪ್ರತಿಯ ಮೇಲೆ ಪ್ರತಿಯಾಗಿ
ಟಪಾಲಿನಲ್ಲಿ ಲೀಡ್ಸಿಗೆ, ಡಂಡೀಗೆ, ಎಲ್ಲೆಲ್ಲಿಗೋ ಹೋಯಿತು.
ಕೇಳಿದವರೆಲ್ಲ ನಂಬಿದರು:
ಸಾಯುವ ಗ್ರಹ ಹೀಗೆ ಕೂಗುತ್ತದೆ,
ಸಣ್ಣಗೆ ಶುರುವಾಗಿ, ಏರಿ, ಏರಿ,
ಯಾರೋ ಕೈಹಾಕಿ ಇಳಿಸಿದ ಹಾಗೆ ಥಟ್ಟನೆ ನಿಂತು.
ನಾನೂ ನಂಬಿದ್ದೆ. ಕ್ಲೆಮ್ ಅದರ ಬಗ್ಗೆ
ನಾಲ್ಕು ಪುಟದ ಲೇಖನವನ್ನೇ ಬರೆದಿದ್ದ.
ಎನಿಡ್ ತುಟಿ ಬಿಚ್ಚಿರಲಿಲ್ಲ.

ಇವತ್ತು ಹೊಸದರ ಒಂಬತ್ತನೆಯ ಕಂತು.
ಪರದೆ ಎಳೆದು, ಗ್ಲಾಸು ತುಂಬಿಸಿಕೊಂಡು
ಕೊಂಕು ತೆಗೆಯಲು ಸಜ್ಜಾಗಿ ಕೂತೆವು.
ಗ್ರಹ ಬಿರಿಯಿತು. ಸಂಗೀತವೆಲ್ಲ ಅಡಗಿತು.
ಕೋಟಿಗಟ್ಟಲೆ ಪೌಂಡಿನ ಆ ಕತ್ತಲೊಳಗಿಂದ
ಸಣ್ಣಗೆ ಶುರುವಾಗಿ
ಏರಿ
ಏರಿ

ಎನಿಡ್ ಅರ್ಧ ಎದ್ದಳು.
ಬಾಗಿಲ ಕಡೆ ಒಂದು ಹೆಜ್ಜೆ,
ಒಲೆ ಆರಿಸಲು ಹೊರಟವಳ ಹಾಗೆ.
ಸದ್ದು ನಿಂತಿತು. ಅವಳೂ ನಿಂತಳು.

"ಅದು ನಮ್ಮಮ್ಮನ ಕೆಟಲು" ಅಂದಳು.
"ಹಸಿರು ಇನಾಮೆಲ್ಲಿನದು. ಹಿಡಿಗೆ ಬಟ್ಟೆ ಸುತ್ತಿತ್ತು."

ಹೊಸ ತಂಡದಲ್ಲಿ ಯಾರೋ, ಹೆಸರರಿಯದ ಯಾರೋ,
ನಮ್ಮ ಆ ಕೊರಕಲು ಟೇಪು ಕೇಳುತ್ತ ಬೆಳೆದವರಿರಬೇಕು.
ಕ್ಲೆಮ್ ತನ್ನ ನಾಲ್ಕು ಪುಟಗಳನ್ನು ನೆನೆದು
ನೌಕೆಯ ರೆಕ್ಕೆ ಕೆರೆಯುತ್ತ ಕೂತ.
ಕೆಝಾಯ ರಿಮೋಟು ಹಿಡಿದು, ಮೆಲ್ಲಗೆ:
"ಹಿಂದಕ್ಕೆ ಹಾಕಲಾ?"

ಏಳು ಸಲ ಕೇಳಿದೆವು.

ಡೆಸ್ಮಂಡ್ ಕೆಳಗಿಳಿದು ಹೋದ,
ಶನಿವಾರ ರಾತ್ರಿ, ಬಿಯರಿನ ಗದ್ದಲದ ನಡುವೆ
ಹನ್ನೆರಡು ಕಪ್ಪು ಚಹಾ ಕೇಳಿ
ಬೈಸಿಕೊಂಡು, ತಂದ.
ತಟ್ಟೆ ಇಡುತ್ತ ಅಂದ:
ಇಲ್ಲಿಯದು ಕರೆಂಟಿನ ಕೆಟಲಂತೆ,
ಕೂಗುವುದಿಲ್ಲ.