ಕೊನೇ ಗಾಡಿ

ಎಂಟು ಗಾಡಿ. ನಂದು ಎಂಟನೇದು.
ಕ್ಲಬ್ಬಿನ ಕಾಯ್ದೆ ಇಷ್ಟ:
ಮುಂದಿನವರು ಸಿಕ್ಕೊಂಡರ ಎಳೀಬೇಕು,
ಅವರು ತೆಗೆದು ಬಿಟ್ಟ ಗೇಟು
ಹಾಕ್ಕೊಂತ ಬರಬೇಕು.

ಕ್ಯಾಂಪಿನ ಪೆಟ್ರೋಲ್ ಬಂಕು, ನಸುಕಿನ ಐದು ಗಂಟೆ,
ಬಾನೆಟ್ಟಿನ ಮ್ಯಾಲ ಚಹಾದ ಗ್ಲಾಸು.
ಡಾಕ್ಟರ್ ಕುಲಗೋಡರ ಥಾರ್,
ಸೀಟಿನ ಪ್ಲಾಸ್ಟಿಕ್ ಇನ್ನೂ ಹರಿದಿಲ್ಲ.
ಉದ್ಯಮಬಾಗದ ಫೌಂಡ್ರಿ ಹುಂಡೇಕರಂದು
ಗಾಡಿಗಿಂತ ತಲಿ ಮ್ಯಾಲಿನ ಲೈಟೇ ತುಟ್ಟಿ.
ನಂದು ಮಿಲಿಟರಿ ಹರಾಜಿನ ಜಿಪ್ಸಿ,
ಉಗುರಿಲೆ ಕೆರೆದರ ಬಿಳಿ ಬಣ್ಣದ ಕೆಳಗ ಹಸಿರು.
ಪಕ್ಕದ ಸೀಟಿಗೆ ಯಲ್ಲೋಜಿ ಮಾವ,
ಇಪ್ಪತ್ತೆರಡು ವರ್ಷ ಲೇಹದಾಗ ಟ್ರಕ್ ಹೊಡೆದಾಂವ.
ಗಾಡಿ ಶುರು ಆದ ಕೂಡಲೆ ಮಲಗ್ತಾನ,
ಸಪ್ಪಳ ಬದಲಾದರ ಏಳ್ತಾನ.

ಜಾಂಬೋಟಿ ದಾಟಿ, ಡಾಂಬರು ಮುಗಿದಲ್ಲಿ,
ಎಲ್ಲಾರೂ ಇಳಿದು ಟೈರಿನ ಗಾಳಿ ಬಿಟ್ವಿ,
ಮೂವತ್ತೆರಡರಿಂದ ಹದಿನೆಂಟಕ್ಕ.
ಅಷ್ಟೂ ಗಾಲಿ ಒಮ್ಮೆಗೇ ಸುಯ್ಯಂದವು,
ಶನಿವಾರ ರಾತ್ರಿ ಗಿರಣಿ ಬಂದ್ ಆದಂಗ.

ಆಮ್ಯಾಲ ಕೆಂಪು ರಾಡಿ, ಏರು,
ಅಡ್ಡಗೇರು ಹಾಕಿದ ಬಿದಿರಿನ ಗೇಟು ಒಂದು,
ಮತ್ತೊಂದು, ಮತ್ತೂ ಒಂದು.
ನಾ ಇಳಿದು ಹಾಕತೇನಿ, ಹಗ್ಗ ಸುತ್ತತೇನಿ,
ಹತ್ತತೇನಿ.
ವಾಕಿಟಾಕಿ ಒದರತದ:
"ಎಡಕ್ಕ ನೋಡ್ರಿ, ಎಡಕ್ಕ! ಅಬಬಬ! ಓವರ್."
ನಾ ಎಡಕ್ಕ ಮುಟ್ಟೂದರಾಗ
ಮೋಡ ಬಂದು ಬಾಗಲಾ ಹಾಕಿರ್ತದ.
ಕಣಿವಿ ಇದ್ದದ್ದು ರೇಡಿಯೋದಾಗಷ್ಟ.

ನನಗ ಕಂಡದ್ದು ಏಳು ಗಾಡಿ ಬರೆದು ಹೋದ ಹಾದಿ.
ಇಲ್ಲಿ ಡಾಕ್ಟರು ಅಂಜಿ ಬ್ರೇಕ್ ಹಾಕ್ಯಾರ.
ಇಲ್ಲಿ ಹುಂಡೇಕರ ಸುಮ್ಮನ ಅಗಲ ತಿರುಗಿ
ಹಳದಿ ಹೂವಿನ ದಂಡಿ ತುಳದಾನ.
ಇಲ್ಲಿ ಯಾರದೋ ಕೂಸು ವಾಂತಿ ಮಾಡೇದ,
ತಾಯಿ ನೀರು ಸುರುವಿ ತೊಳದಾಳ.
ಇದನ್ನ ಮುಂದಿನವರು ಯಾರೂ ನೋಡಂಗಿಲ್ಲ.

ಹಳ್ಳದಾಗ ಥಾರ್ ಕುಂತಿತು.
ಆರು ಮಂದಿ, ಹತ್ತು ಸಲಹೆ.
"ಫೋರ್ ಲೋ ಹಾಕ್ರಿ", "ಹಾಕೇನ್ರಿ",
"ರೇಸ್ ಮಾಡ್ರಿ", "ಮಾಡಬ್ಯಾಡ್ರಿ".
ನಾಲ್ಕು ಗಾಲಿ ತಮ್ಮ ತಮ್ಮ ಕುಣಿ ತಾವೇ ತೋಡಿದವು.
ಆಚೆ ದಂಡಿ ಮ್ಯಾಲ ಗೌಳಿ ಹೆಣ್ಣುಮಗಳು,
ಹನ್ನೊಂದು ಎಮ್ಮಿ, ಕೈಯಾಗ ಕೊಡೆ.
ಹಾದಿ ಬಿಡ್ರಿ ಅನ್ನಲಿಲ್ಲ. ನಿಂತಳು.
ಎಮ್ಮಿ ನಿಲ್ಲಲಿಲ್ಲ.
ಒಂದರ ಹಿಂದ ಒಂದು, ಬಲಕ್ಕ ಸುತ್ತು ಹಾಕಿ,
ಮೊಣಕಾಲೂ ತೊಯ್ಯದಂಗ ಹಾದು ಬಂದವು.

ಮಾವ ಎದ್ದಿದ್ದ.
"ಅವು ಕಾಲಿಟ್ಟಲ್ಲಿ ಕಲ್ಲೈತಿ," ಅಂದ,
"ಶೇವಂತಾ, ಹಗ್ಗ ತಾ."
ಹಿಂದಕ್ಕ ಎಳೆದ್ವಿ. ಥಾರ್
ಎಮ್ಮಿಯ ಹೆಜ್ಜಿ ಹಿಡಿದು ಹೋತು.

ತುದಿಯಾಗ ರೊಟ್ಟಿ, ಶೇಂಗಾ ಹಿಂಡಿ, ಡಬ್ಬಿ ತುಂಬ ಕುಂದಾ.
ಎಲ್ಲಾರೂ ಫೋಟೋಕ್ಕ ನಿಂತರ
ಮಾವ ಜಿಪ್ಸಿ ಕೆಳಗ ಅಂಗಾತ ಬಿದ್ದು
ಎಣ್ಣಿ ಸೋರೂದನ್ನ ನೋಡಿಕೋತ,
"ಭಾಳ ಚಂದ ಐತಿ," ಅಂದ.
ಯಾವುದು ಅಂತ ನಾ ಕೇಳಲಿಲ್ಲ.

ಇಳಿಯೂ ಹೊತ್ತಿಗೆ ಹಾದಿ ಸಣ್ಣದು,
ಇದ್ದಲ್ಲೇ ಒಂದೊಂದೇ ಗಾಡಿ ತಿರುವಿದ್ವಿ.
ತಿರುಗಿದರ ನಾನೇ ಮೊದಲು!
ಮುಂದ ಯಾರ ಬೆನ್ನೂ ಇಲ್ಲ.
ಮೋಡ ಹರಿದು, ಬಲಕ್ಕ, ಅಷ್ಟೂ ಬಯಲಾತು.
ಮಡಿಕಿ ಮ್ಯಾಲ ಮಡಿಕಿ ಗುಡ್ಡ, ತಳದಾಗ
ಒಂದು ಹೊಳಿ, ಕಳೆದ ಸೂಜಿ ಸಿಕ್ಕಂಗ.
ವಾಕಿಟಾಕಿ ಬಟನ್ ಒತ್ತಿ ಹಿಡಿದೆ,
ಏನೂ ಬರಲಿಲ್ಲ.
"ಶೇವಂತಕ್ಕ, ಬರೇ ಇಂಜಿನ್ ಕೇಳಸ್ತದ. ಓವರ್."

ಗೇಟು ತೆಗೆದೆ. ರೂಢಿ ಪ್ರಕಾರ ಹಗ್ಗ ಹಿಡಿದು ನಿಂತೆ.
ಹಿಂದ ಹಾರ್ನು.
ಓ, ಈಗ ನಂದಲ್ಲ ಕೆಲಸ.

ಡಾಂಬರಿಗೆ ಬಂದು ಗಾಳಿ ತುಂಬೂ ಮುಂದ
ನೆನಪಾತು. ಡಾಕ್ಟರು ಕೊನೇಕ ಬಂದಿದ್ದರು.
"ಗೇಟು ಹಾಕೀರೇನ್ರಿ?"
ಸ್ವಲ್ಪ ಹೊತ್ತು ಗರಗರ.
"ಯಾವ ಗೇಟು? ಓವರ್."

ಗುಡ್ಡದ ಕೆಳಗ ಭತ್ತ ಹಾಲು ತುಂಬೋ ಹೊತ್ತು.
ಹನ್ನೊಂದು ಎಮ್ಮಿ.
ಮಾವ ಕಣ್ಣು ತೆಗೀದನ, "ತಿರುಗಿಸು," ಅಂದ.